ಹಂದಿ ಬಿಲ್ಲೆಯ ವಿಲ್ಫ್

ಇಂಗ್ಲೆಂಡಿನ ಸಫೋಕ್ ಸೀಮೆಯ ನಮ್ಮ ಈ ಊರಲ್ಲಿ ನಲ್ಲಿ ರಿಪೇರಿಗೆ ವಿಲ್ಫ್ ಗ್ಯಾರಡ್‌ನನ್ನು ಕರೆದವರು ಮೊದಲು ಅವನ ಪುರಾಣ ಕೇಳಲೇಬೇಕಿತ್ತು. ಇನ್ನೂರು ವರ್ಷದ ಹಿಂದೆ ಸರ್ಕಾರ ಚಿಲ್ಲರೆ ಹೊಡೆಸದೆ ಕೈಕಟ್ಟಿ ಕೂತಾಗ, ಅಂಗಡಿಯವರೇ ತಾಮ್ರದ ಬಿಲ್ಲೆಗಳನ್ನು ಅಚ್ಚು ಹಾಕಿಸಿ ನಡೆಸಿದರಂತೆ. ಆ ಬಿಲ್ಲೆಗಳೆಂದರೆ ಅವನಿಗೆ ಪ್ರಾಣ. ಅವನ ಮದುವೆ ಮುರಿದದ್ದೂ ಉಂಗುರದ ದುಡ್ಡಲ್ಲಿ ಬಿಲ್ಲೆ ಕೊಂಡಿದ್ದರಿಂದಲೇ.

ಅವನು ಕೂಡಿಟ್ಟ ಬಿಲ್ಲೆಗಳಲ್ಲಿ ಒಂದು ಮಾತ್ರ ಬೇರೆ ಯಾರಲ್ಲೂ ಇಲ್ಲದ್ದು. ಮೇಲೆ ಹಂದಿಯ ಚಿತ್ರ. ಅಂಚಿನ ಸುತ್ತ, ‘ಕ್ಯಾಚ್‌ಪೋಲ್ ಅಂಗಡಿಯಲ್ಲಿ ಈ ಬಿಲ್ಲೆ ಕೊಟ್ಟು ಕೇಳಿದಾಗ ಅರ್ಧ ಪೆನ್ನಿ ಕೊಡಲಾಗುವುದು.’ ಆ ಮಾಂಸದಂಗಡಿ ಈಗಲೂ ಇದೆ. ಬೆರಿಲ್ ಕ್ಯಾಚ್‌ಪೋಲ್ ಅದರ ಒಡತಿ. ಮೂವತ್ತು ವರ್ಷದಿಂದ ಪ್ರತಿ ಶನಿವಾರ ವಿಲ್ಫ್ ಬಿಲ್ಲೆ ಎತ್ತಿ ತೋರಿಸುತ್ತಿದ್ದ.

“ತೆಗಿ ತಾಯಿ ಅರ್ಧ ಪೆನ್ನಿ. ನಿಮ್ಮ ಮುತ್ತಜ್ಜ ಮಾತು ಕೊಟ್ಟಿದ್ದಾನೆ!”

ಅರ್ಧ ಪೆನ್ನಿ ಚಲಾವಣೆಯಿಂದ ಹೋಗಿ ಎಷ್ಟೋ ಕಾಲವಾಗಿತ್ತು.

“ಹೋಗೋ ಅತ್ಲಾಗೆ. ಮೂಳೆ ಇದೆ, ಬೇಕಾ?” ಎಂದು ಬೆರಿಲ್ ಬಯ್ಯುವಳು.

“ನೋಡ್ರಪ್ಪ, ಮಾತು ತಪ್ಪಿದ ಮನೆತನ!” ಎಂದು ಅವನು ಸಾಲಿನಲ್ಲಿದ್ದವರಿಗೆಲ್ಲ ಸಾರುವನು. ಈ ನಾಟಕ ನೋಡಿ ನೋಡಿ ನನಗಂತೂ ಸಾಸೇಜೇ ಬೇಡವಾಗಿತ್ತು.

ಕಳೆದ ಮಾರ್ಚಿನಲ್ಲೂ ಕೇಳಿದ. ಬೆರಿಲ್ ಏಪ್ರನ್ ಜೇಬಿನಿಂದ ಹಳೆಯ ಅರ್ಧ ಪೆನ್ನಿಯೊಂದನ್ನು ತೆಗೆದು ಅವನ ಮುಂದಿಟ್ಟಳು.

“ಅಮ್ಮನ ಹೊಲಿಗೆ ಡಬ್ಬೀಲಿ ಸಿಕ್ತು. ತಗೋ. ಈಗ ನಮ್ಮ ಬಿಲ್ಲೆ ಇತ್ತ ಕೊಡು.”

ವಿಲ್ಫ್‌ನ ಮುಖ ಬಿಳಿಚಿಕೊಂಡಿತು. “ಅಲ್ಲ ಬೆರಿಲ್, ನಾನು ತಮಾಷೆಗೆ...”

“ಮೂವತ್ತು ವರ್ಷ ತಮಾಷೇನಾ? ಮಾತು ಅಂದ್ರೆ ಮಾತು ಕಣಯ್ಯ.”

ಕೊಡದಿದ್ದರೆ ಊರವರ ಬಾಯಿಗೆ ಬೀಳಬೇಕು, ಕೊಟ್ಟರೆ ಪ್ರಾಣವೇ ಹೋಗಬೇಕು. ಕೊನೆಗೆ ಬಿಲ್ಲೆ ಕೊಟ್ಟ. ಬೆರಿಲ್ ಅದನ್ನು ಗಲ್ಲಾಪೆಟ್ಟಿಗೆಗೆ ಎಸೆದಳು.

“ಅಯ್ಯೋ, ಗೀರು ಬೀಳತ್ತೆ!” ಎಂದು ಮುದುಕ ಚೀರಿದ. ನನಗೆ ಮೊದಲು ನಗು ಬಂತು, ಆಮೇಲೆ ಪಾಪ ಅನ್ನಿಸಿತು.

ಅವನು ತಲೆ ತಗ್ಗಿಸಿಯೇ ಎಂದಿನಂತೆ ಸಾಸೇಜು ಕೊಂಡು ಐದು ಪೌಂಡಿನ ನೋಟು ಕೊಟ್ಟ. ಬೆರಿಲ್ ಪೆಟ್ಟಿಗೆಯಲ್ಲಿ ಬಹಳ ಹೊತ್ತು ಕೈಯಾಡಿಸಿದಳು.

“ಒಂದು ಪೆನ್ನಿ ವಾಪಸ್ ಕೊಡ್ಬೇಕು. ಚಿಲ್ಲರೆ ಇಲ್ವಲ್ಲಪ್ಪ!” ಎಂದು ಹಂದಿ ಬಿಲ್ಲೆಯನ್ನೇ ಅವನ ಅಂಗೈಯಲ್ಲಿಟ್ಟಳು. “ಸದ್ಯಕ್ಕೆ ಇದನ್ನಿಟ್ಕೊ. ಇನ್ನರ್ಧ ಬಾಕಿ, ಮುಂದಿನ ಶನಿವಾರ ಬಂದು ಕೇಳು.”

ತೆರೆದ ಪೆಟ್ಟಿಗೆಯ ತುಂಬ ಪೆನ್ನಿಗಳಿದ್ದವು.