ಮಾವನ ಕುದುರೆಯ ಮುಂಗಾಲು

ನನ್ನ ಸೋದರಮಾವ ಬೊಂಬಾಯಿಯ ಹೋಟೆಲನ್ನು ತನ್ನ ತಮ್ಮನಿಗೆ ಒಪ್ಪಿಸಿ ಮಂಗಳೂರಿನ ದೇರೆಬೈಲಿಗೆ ವಾಪಸು ಬಂದಾಗ ಸಾಮಾನಿನ ಲಾರಿಯ ಹಿಂದೆ ಇನ್ನೊಂದು ಲಾರಿ ಬಂತು. ಅದರಿಂದ ಒಂದು ಕುದುರೆ ಇಳಿಯಿತು. ಕಂದು ಬಣ್ಣದ ಹೆಣ್ಣು ಕುದುರೆ, ರೇಸಿನಲ್ಲಿ ಓಡಿ ನಿವೃತ್ತಿಯಾದದ್ದು. ನನ್ನ ತಾಯಿ ಆರತಿ ಎತ್ತಬೇಕೋ ಬಾಗಿಲು ಹಾಕಬೇಕೋ ತಿಳಿಯದೆ ಅಂಗಳದಲ್ಲೇ ನಿಂತಿದ್ದರು. ಅದು ಎಪ್ಪತ್ತರ ದಶಕದ ಕೊನೆ. ಆಗಿನ ಮಂಗಳೂರಿನಲ್ಲಿ ಸ್ಕೂಟರ್ ಇದ್ದವನೇ ದೊಡ್ಡ ಜನ. ಕುದುರೆ ಇದ್ದವನನ್ನು ಏನೆಂದು ಕರೆಯಬೇಕೋ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಮನೆಗೆ ‘ಕುದುರೆ ಮನೆ’ ಎಂದು ಹೆಸರು ಬಿತ್ತು. ಸಿಟಿ ಬಸ್ಸಿನ ಕಂಡಕ್ಟರ್ ಕೂಡ ಹಾಗೆಯೇ ಕೂಗಿ ನನ್ನನ್ನು ಇಳಿಸುತ್ತಿದ್ದ.

ನಾನು ಆಗ ಹೈಸ್ಕೂಲಿನಲ್ಲಿ ಟೀಚರು. ಮದುವೆಯಾಗಿರಲಿಲ್ಲ, ಆಗುವ ಅವಸರವೂ ಇರಲಿಲ್ಲ. ಕುದುರೆಯ ಮೇಲೆ ನನಗೆ ಪ್ರೀತಿಯೇನೂ ಹುಟ್ಟಲಿಲ್ಲ. ಭೂಸುಧಾರಣೆಯ ಡಿಕ್ಲರೇಶನ್ನಿನಲ್ಲಿ ಗದ್ದೆಗಳೆಲ್ಲ ಗೇಣಿದಾರರ ಪಾಲಾದ ಮೇಲೆ ಮಾವನಿಗೆ ಉಳಿದದ್ದು ಮನೆ, ಮನೆಯ ಕೆಳಗಿನ ಒಂದು ಗದ್ದೆ ಮತ್ತು ಒಂದು ಜೊತೆ ಕಂಬಳದ ಕೋಣಗಳು. ಕಳೆದುಹೋದ ಗತ್ತನ್ನು ನಾಲ್ಕು ಕಾಲಿನ ಮೇಲೆ ನಿಲ್ಲಿಸಿ ತಂದಿದ್ದಾರೆ ಎಂದು ನಾನು ಅಡುಗೆಮನೆಯಲ್ಲಿ ತಾಯಿಯ ಹತ್ತಿರ ಗೇಲಿ ಮಾಡುತ್ತಿದ್ದೆ. ತಾಯಿ ನಗು ತಡೆದುಕೊಂಡು, “ಮೆಲ್ಲ ಮಾತಾಡು, ಕೇಳ್ತದೆ” ಎನ್ನುತ್ತಿದ್ದರು.

ಊರಿನ ಕಂಬಳದ ದಿನ ಕೋಣಗಳನ್ನು ಡೋಲು, ವಾದ್ಯಗಳೊಂದಿಗೆ ಕೆಸರು ಗದ್ದೆಗೆ ಇಳಿಸುವಾಗ ಮನೆಯ ಯಜಮಾನ ಮುಂದೆ ನಡೆಯುವುದು ಕ್ರಮ. ಬಂದ ಮೊದಲ ವರ್ಷವೇ ಮಾವ ನಡೆಯದೆ ಕುದುರೆಯ ಮೇಲೆ ಕೂತು ಹೋದರು. ಬಿಳಿ ಶರಟು, ಬಿಳಿ ಮೀಸೆ, ಕೆಳಗೆ ಹೊಳೆಯುವ ಕಂದು ಮೈ. ಜನ ಕೋಣ ನೋಡುವುದನ್ನು ಬಿಟ್ಟು ಅವರನ್ನು ನೋಡಿದರು. ನಮ್ಮ ಹಿಂದಿನ ಗೇಣಿದಾರರೂ ಆ ಗುಂಪಿನಲ್ಲಿದ್ದರು. ಅವರ ಮಕ್ಕಳು ಕುದುರೆಯ ಬಾಲ ಮುಟ್ಟಲು ಓಡಿಬಂದರು, ಮಾವ ಬಗ್ಗಿ ಅವರ ತಲೆ ಸವರಿದರು. ಆ ದಿನ ಗೇಲಿ ಮಾಡಲು ನನಗೆ ಬಾಯಿ ಬರಲಿಲ್ಲ. ನಿಜವಾಗಿಯೂ ಚಂದ ಕಾಣುತ್ತಿದ್ದರು.

ಅದೇ ಬೇಸಗೆಯಲ್ಲಿ ಮಾವ ಸುರತ್ಕಲ್ಲಿನ ಕಡಲ ಬದಿಯಲ್ಲಿ ಓಡಿಸುವಾಗ ಕುದುರೆಯ ಬಲ ಮುಂಗಾಲು ಮೆತ್ತನೆಯ ಮರಳಿನಲ್ಲಿ ಹೂತುಹೋಯಿತು. ಮನೆಗೆ ತರುವಷ್ಟರಲ್ಲಿ ಮೊಣಕಾಲಿನ ಕೆಳಗೆ, ಹಿಂಬದಿಯ ನರ ಬಾಳೆಕಾಯಿಯ ಹಾಗೆ ಉಬ್ಬಿತ್ತು. ಬೋಳಾರದಲ್ಲಿ ಒಬ್ಬ ಕೊಂಕಣಿ ಡಾಕ್ಟರಿದ್ದರು. ಮಿಲಿಟರಿಯಲ್ಲಿ ಕುದುರೆಗಳಿಗೂ ಹೇಸರಗತ್ತೆಗಳಿಗೂ ಮದ್ದು ಮಾಡಿ ನಿವೃತ್ತರಾಗಿ, ಊರಿಗೆ ಬಂದ ಮೇಲೆ ಜನರ ನಾಯಿ, ದನಗಳನ್ನು ನೋಡುತ್ತಿದ್ದವರು. ಮಾವ ಅವರಿಗೆ ಹೇಳಿಕಳಿಸಿದರು. ಡಾಕ್ಟರು ಬಂದವರೇ ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಹೆಬ್ಬೆರಳಿನಿಂದ ಒತ್ತುತ್ತಾ ಹೋದರು. ಕುದುರೆ ಒಮ್ಮೆ ಬೆಚ್ಚಿತು.

“ಟೆಂಡನ್ ಹೋಗಿದೆ, ಯಜಮಾನ್ರೆ. ಒಂದು ಸಲ ಗುಣ ಆಗ್ತದೆ. ಎರಡನೇ ಸಲ ಹೋದ್ರೆ ಮತ್ತೆ ಯಾರೂ ಇದರ ಮೇಲೆ ಕೂರ್ಲಿಕ್ಕಿಲ್ಲ. ಮಳೆಗಾಲ ಮುಗಿಯುವವರೆಗೆ ನಿಂತಲ್ಲೇ ಇರ್ಲಿ. ಆಮೇಲೆ ಕೈಯಲ್ಲಿ ಹಿಡಿದು ನಡೆಸ್ಬೇಕು, ಗಟ್ಟಿ ನೆಲದಲ್ಲಿ, ದಿನಾ ಸ್ವಲ್ಪ ಸ್ವಲ್ಪ. ಮರಳಿಗೆ ಮಾತ್ರ ಕೊಂಡುಹೋಗ್ಬೇಡಿ.”

“ಮುಂದಿನ ಕಂಬಳಕ್ಕೆ ಆಗ್ತದಾ?” ಎಂದರು ಮಾವ.

“ಅವಸರ ಮಾಡದಿದ್ರೆ ಆಗ್ತದೆ,” ಎಂದರು ಡಾಕ್ಟರು. “ನಡೆಸುವವರು ಯಾರು? ನಿಮ್ಮ ಮಂಡಿ ನೋವಲ್ಲಿ ನಿಮಗೆ ಆಗ್ಲಿಕ್ಕಿಲ್ಲ.”

ಕೋಣ ನೋಡುವ ಆಳುಗಳಿಗೆ ಕುದುರೆಯ ಹಲ್ಲಿನ ಹೆದರಿಕೆ. ಎಲ್ಲರೂ ಅತ್ತಿತ್ತ ನೋಡುತ್ತಿರುವಾಗ ತಾಯಿ ಒಳಗಿನಿಂದಲೇ, “ಬೆಳಿಗ್ಗೆ ಬೇಗ ಏಳುವುದು ಇವಳೊಬ್ಬಳೇ” ಎಂದು ಬಿಟ್ಟರು. ನನ್ನ ಒಳ್ಳೆಯ ಗುಣವೊಂದು ನನಗೇ ತಿರುಗಿ ಬಡಿಯಿತು.

ಮಳೆಗಾಲವಿಡೀ ಬಾವಿಯ ತಣ್ಣೀರು ಹೊಯ್ಯುವುದು, ಪಟ್ಟಿ ಕಟ್ಟುವುದು, ಬಿಚ್ಚುವುದು. ಮಳೆ ನಿಂತ ಮೇಲೆ ನಡಿಗೆ ಶುರುವಾಯಿತು. ಮೊದಲು ಗೇಟಿನವರೆಗೆ ಮಾತ್ರ. ಆಮೇಲೆ ರಸ್ತೆಯ ತಿರುವಿನವರೆಗೆ. ಆಮೇಲೆ ಗುಡ್ಡದ ಏರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯಲ್ಲಿ ಹಗ್ಗ ಹಿಡಿದು ನಾನು ಮುಂದೆ, ಅದು ಹಿಂದೆ. ಹಾಲು ತರುವವರು, ಇಗರ್ಜಿಗೆ ಹೋಗುವವರು, ಬೀಡಿ ಎಲೆಯ ಕಟ್ಟು ಹೊತ್ತವರು, ಎಲ್ಲರಿಗೂ ನಾವೊಂದು ತಮಾಷೆ.

“ಎಂತ ಟೀಚರೇ, ಕುದುರೆ ಉಂಟು, ಆದರೂ ನಡ್ಕೊಂಡು ಹೋಗ್ತೀರಲ್ಲ?”

“ಪೆಟ್ರೋಲ್ ಮುಗಿದಿದೆ ಮಾರಾಯ್ರೆ,” ಎನ್ನುತ್ತಿದ್ದೆ.

ಡಾಕ್ಟರು ನನಗೆ ಒಂದೇ ಪಾಠ ಕಲಿಸಿದ್ದರು. ಬೆಳಿಗ್ಗೆ ಹೊರಡುವ ಮೊದಲು ಎರಡೂ ಮುಂಗಾಲುಗಳ ಹಿಂಬದಿಗೆ ಎರಡು ಅಂಗೈ ಇಟ್ಟು ನೋಡಬೇಕು. ಬಲಗಾಲು ಬಿಸಿಯಿದ್ದರೆ ಆ ದಿನ ನಡಿಗೆ ಇಲ್ಲ. ಪರೀಕ್ಷೆಯ ಪೇಪರು ತಿದ್ದಿ ತಿದ್ದಿ ಕೆಟ್ಟುಹೋದ ನನ್ನ ಕೈಗೆ ಮೊದಮೊದಲು ಏನೂ ತಿಳಿಯುತ್ತಿರಲಿಲ್ಲ. ಆಮೇಲೆ ಸಣ್ಣ ಬಿಸಿಯೂ ತಿಳಿಯತೊಡಗಿತು. ನಾನು ಬಗ್ಗಿ ಕೂತಾಗ ಅದು ಮೂತಿಯಿಂದ ನನ್ನ ಜಡೆ ಮೂಸುತ್ತಿತ್ತು, ಒಮ್ಮೊಮ್ಮೆ ಮುಡಿದ ಅಬ್ಬಲಿಗೆಯನ್ನೇ ತಿಂದುಬಿಡುತ್ತಿತ್ತು. ಕ್ರಿಸ್ಮಸ್ ರಜೆಯ ಒಂದು ಬೆಳಿಗ್ಗೆ ಅಂಗೈ ಇಟ್ಟರೆ ಎರಡೂ ಕಾಲು ಒಂದೇ ಸಮ ತಣ್ಣಗಿದ್ದವು. ನಾನು ಮತ್ತೆ ಮತ್ತೆ ಇಟ್ಟು ನೋಡಿದೆ. ನನಗೆ ಅಳು ಬಂತು ಎಂದರೆ ನಮ್ಮ ಶಾಲೆಯಲ್ಲಿ ಯಾರೂ ನಂಬಲಿಕ್ಕಿಲ್ಲ. ಗೇಲಿ ಮಾಡುತ್ತಿದ್ದ ಕುದುರೆಯನ್ನು ನಾನು ಯಾವಾಗ ಪ್ರೀತಿಸಲು ಶುರುಮಾಡಿದೆನೋ ನನಗೇ ಗೊತ್ತಾಗಲಿಲ್ಲ.

ಮಾವ ದಿನವೂ ಚಾವಡಿಯಲ್ಲಿ ಕೂತು ಕಾಯುತ್ತಿದ್ದರು. ನಾವು ಗೇಟಿನೊಳಗೆ ಬಂದ ಕೂಡಲೇ, “ಹೇಗುಂಟು?” ಎಂಬ ಒಂದೇ ಪ್ರಶ್ನೆ. ನಾನು, “ಉಂಟು ಮಾವ, ಒಳ್ಳೇದುಂಟು” ಎಂದರೆ ಮತ್ತೆ ಕಾಫಿ ಕುಡಿಯುತ್ತಿದ್ದರು. ಬೊಂಬಾಯಿಯಲ್ಲಿ ಹತ್ತಾರು ಜನರನ್ನು ಗದರಿಸಿ ಹೋಟೆಲು ನಡೆಸಿದ ಮನುಷ್ಯ ಸೋದರಸೊಸೆಯ ಒಂದು ಮಾತಿಗೆ ಕಾಯುತ್ತಿದ್ದುದು ನೋಡಿ ನನಗೆ ಅವರ ಮೇಲೆ ಮೊದಲ ಸಲ ಕನಿಕರ ಹುಟ್ಟಿತು. ಆ ಕುದುರೆ ಬರೀ ಗತ್ತಲ್ಲ, ಬೆಳಿಗ್ಗೆ ಎದ್ದು ಮಾಡಲು ಅವರಿಗೆ ಉಳಿದಿದ್ದ ಒಂದೇ ಕೆಲಸ ಎಂದು ಆಗ ಅರ್ಥವಾಯಿತು.

ಮೊದಲು ಬರೀ ಜೀನು ಕಟ್ಟಿ ನಡೆಸಿದೆವು. ಆಮೇಲೆ ಡಾಕ್ಟರ ಎದುರಿನಲ್ಲೇ ಮಾವ ಹತ್ತಿ ಕೂತು ರಸ್ತೆಯ ತಿರುವಿನವರೆಗೆ ಹೋಗಿ ಬಂದರು. ಇಳಿದು ನೇರ ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದರು.

“ಕಂಬಳಕ್ಕೆ ಕೂತು ಹೋಗ್ಬಹುದು,” ಎಂದರು ಡಾಕ್ಟರು. “ನಡಿಗೆ ಮಾತ್ರ. ಓಟ ಎಲ್ಲ ಮುಂದಿನ ವರ್ಷಕ್ಕೆ.”

ಮೆರವಣಿಗೆಯಲ್ಲಿ ಬೇಕಾದದ್ದೂ ನಡಿಗೆಯೇ. ಗೆದ್ದೆವು ಎಂದುಕೊಂಡೆ. ಕಂಬಳಕ್ಕೆ ಇನ್ನು ಕೆಲವೇ ದಿನ ಇತ್ತು.

ಕಂಬಳದ ಮನೆಗಳಲ್ಲಿ ಕೋಣದ ಆರೈಕೆ ಎಂದರೆ ಅದೊಂದು ದೊಡ್ಡ ವಿದ್ಯೆ. ಬೇಯಿಸಿದ ಹುರುಳಿ, ಎಣ್ಣೆ ತಿಕ್ಕುವುದು, ಕೆರೆಯಲ್ಲಿ ಈಜಿಸುವುದು. ದಿನ ಹತ್ತಿರ ಬಂದ ಹಾಗೆ ಮನೆಯ ಗದ್ದೆಗೆ ನೀರು ನಿಲ್ಲಿಸಿ, ಕೆಸರು ಮಾಡಿ, ಅದರಲ್ಲಿ ಓಡಿಸಿ ಕಾಲು ಗಟ್ಟಿ ಮಾಡುವುದು. ಕೆಸರು ಕಾಲಿಗೆ ಒಳ್ಳೆಯದು ಎನ್ನುವುದು ನಮ್ಮಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತು. ಮಾವ ಹಟ್ಟಿಯಲ್ಲಿ ಕೋಣದ ಕಾಲು ನೋಡುತ್ತಲೇ ಬೆಳೆದವರು. ಅವರಿಗೆ ಒಂದು ಯೋಚನೆ ಹತ್ತಿತು. ಆ ದಿನ ಜನರ ಗದ್ದಲ, ಡೋಲು, ಗರ್ನಾಲು ಪಟಾಕಿಯ ಸದ್ದು. ಕುದುರೆ ಬೆಚ್ಚಿ ಕೆಸರಿಗೆ ಕಾಲಿಟ್ಟರೆ? ಗುಣವಾದ ಕಾಲು ಪುನಃ ಹೋದರೆ? ಹಾಗಾಗಬಾರದು ಎಂದು, ಕಾಲಿಗೆ ಇನ್ನಷ್ಟು ಬಲ ಬರಲಿ ಎಂದು, ನಾನು ಶಾಲೆಗೆ ಹೋದ ಒಂದು ದಿನ, ಅವರು ಕುದುರೆಯನ್ನು ಕೋಣಗಳ ಹಿಂದೆ ಗದ್ದೆಗೆ ಇಳಿಸಿ ಓಡಿಸಿದರು.

ಸಂಜೆ ಬರುವಾಗ ಅದು ಬಾವಿಕಟ್ಟೆಯ ಹತ್ತಿರ ಎದೆಯವರೆಗೆ ಕೆಸರಾಗಿ ನಿಂತಿತ್ತು. ಆಳುಗಳು ಖುಷಿಯಿಂದ ನೀರು ಹೊಯ್ಯುತ್ತಿದ್ದರು. ಕೋಣ ಓಡಿಸುವವನು, “ಟೀಚರೇ, ನಮ್ಮ ಕೋಣವನ್ನೇ ಹಿಂದೆ ಹಾಕಿತು” ಎಂದ. ಮಾವನ ಮುಖ ಅರಳಿತ್ತು.

“ನೋಡು ಮಗಾ, ಕುಂಟಿದ್ದುಂಟಾ? ಒಂದು ಚೂರೂ ಇಲ್ಲ. ಇನ್ನು ಹೆದರ್ಲಿಕ್ಕಿಲ್ಲ.”

ಹೌದು, ಕುಂಟುತ್ತಿರಲಿಲ್ಲ. ನಾನು ಪುಸ್ತಕದ ಚೀಲ ಕೆಳಗಿಟ್ಟು, ಒದ್ದೆ ನೆಲದಲ್ಲೇ ಕೂತು, ಎರಡು ಕಾಲಿಗೂ ಅಂಗೈ ಇಟ್ಟೆ. ಬಲಗಾಲು ಬಿಸಿಯಿತ್ತು.

“ಮಾವ, ಬಿಸಿಯುಂಟು.”

“ಓಡಿದ್ದಲ್ವಾ? ಓಡಿದ್ರೆ ನಿನ್ನ ಕಾಲೂ ಬಿಸಿ ಆಗ್ತದೆ,” ಎಂದು ನಕ್ಕರು. ಎಲ್ಲರೂ ನಕ್ಕರು. ಎಡಗಾಲು ತಣ್ಣಗಿತ್ತು ಎಂದು ನಾನು ಹೇಳಿದ್ದು ಆ ನಗೆಯಲ್ಲಿ ಯಾರಿಗೂ ಕೇಳಲಿಲ್ಲ.

ಬೆಳಗಾಗುವಾಗ ಅದಕ್ಕೆ ಆ ಕಾಲನ್ನು ನೆಲಕ್ಕೆ ಊರಲು ಆಗಲಿಲ್ಲ.

ಡಾಕ್ಟರು ಬಂದರು. ಈ ಸಲ ಹೆಚ್ಚು ಒತ್ತಿ ನೋಡುವ ಅಗತ್ಯವೂ ಬೀಳಲಿಲ್ಲ. ನಡೆದದ್ದನ್ನು ಮಾವನೇ ಹೇಳಿದರು, ತಪ್ಪನ್ನು ಯಾರ ಮೇಲೂ ಹಾಕಲಿಲ್ಲ. ಡಾಕ್ಟರಿಗೆ ಮೊದಲು ಸಿಟ್ಟು ಬಂತು.

“ಅದು ಕೋಣ ಅಲ್ಲ, ಯಜಮಾನ್ರೆ. ಕೋಣದ ಗೊರಸು ಎರಡು ಸೀಳು, ಕೆಸರಲ್ಲಿ ಅಗಲ ಆಗ್ತದೆ, ಎತ್ತುವಾಗ ಕೂಡ್ತದೆ. ಕುದುರೆಯದ್ದು ಒಂದೇ ಗೊರಸು, ಕೆಸರು ಅದನ್ನು ಹಿಡ್ಕೊಳ್ತದೆ. ಪ್ರತಿ ಹೆಜ್ಜೆಗೂ ನರ ಎಳೀಬೇಕು.” ಮತ್ತೆ ಟೊಪ್ಪಿ ತೆಗೆದು ಕೈಯಲ್ಲಿ ತಿರುಗಿಸುತ್ತಾ ಹೇಳಿದರು: “ನಾನು ಮರಳು ಬೇಡ ಅಂತ ಹೇಳಿದೆ. ಕೆಸರು ಬೇಡ ಅಂತಲೂ ಹೇಳ್ಬೇಕಿತ್ತು. ಕುದುರೆಯನ್ನು ಕೆಸರಲ್ಲಿ ಓಡಿಸುವವರನ್ನು ನಾನು ಎಲ್ಲೂ ನೋಡ್ಲಿಲ್ಲ. ನನಗೆ ಹೊಳೀಲಿಲ್ಲ.”

ಈಗಲೂ ನನಗೆ ಸಂಕಟವಾಗುವುದು ಇದಕ್ಕೇ. ಮಾವ ಅವಸರ ಮಾಡಿ ಕೆಡಿಸಿದ್ದರೆ ಬೈದು ಹಗುರಾಗಬಹುದಿತ್ತು. ಅವರು ಅದರ ಕಾಲನ್ನು ಉಳಿಸಲು ಹೋಗಿ ಕಳೆದರು. ಸುಮ್ಮನೆ ಬಿಟ್ಟಿದ್ದರೆ ಸಾಕಿತ್ತು. ಪ್ರೀತಿಸುವವರಿಗೆ ಸುಮ್ಮನೆ ಬಿಡುವುದೊಂದು ಬರುವುದಿಲ್ಲ.

ಕಂಬಳದ ದಿನ ಮಾವ ಮಂಡಿ ನೋವಿನಲ್ಲಿ ಕುಂಟುತ್ತಾ ಕೋಣಗಳ ಮುಂದೆ ನಡೆದುಕೊಂಡು ಹೋದರು. “ಕುದುರೆ ಎಲ್ಲಿ ಧಣಿ?” ಎಂದು ಕೇಳಿದವರಿಗೆಲ್ಲ, “ಮನೆಯಲ್ಲಿ ಉಂಟು” ಎಂದಷ್ಟೇ ಹೇಳಿದರು. ಆ ವರ್ಷ ನಮ್ಮ ಕೋಣಗಳೇ ಗೆದ್ದವು. ಫೋಟೋ ತೆಗೆಯಲು ಕರೆದರೆ ಮಾವ ಆಗಲೇ ಬಾಡಿಗೆ ಕಾರಿನಲ್ಲಿ ಹೋಗಿ ಕೂತಿದ್ದರು.

ಕುದುರೆಯನ್ನು ಮರಿ ಹಾಕಿಸುವವರಿಗೆ ಕೊಡಬಹುದು ಎಂದು ಡಾಕ್ಟರು ಸೂಚಿಸಿದರು. ಮಾವ ಒಪ್ಪಲಿಲ್ಲ. ಮುಂದಿನ ಮಳೆಗಾಲ ಕಳೆಯುವಾಗ ನೋವು ಹೋಯಿತು, ಕುಂಟು ಉಳಿಯಿತು. ಹಗ್ಗ ಕಟ್ಟುವ ಅಗತ್ಯವಿರಲಿಲ್ಲ, ಅಂಗಳದಲ್ಲಿ ಬಿಟ್ಟೇ ಇರುತ್ತಿದ್ದೆವು. ನಾನು ಅದನ್ನು ನಡೆಸುವುದನ್ನು ನಿಲ್ಲಿಸಲಿಲ್ಲ, ಆದರೆ ಎಲ್ಲಿಗೂ ಮುಟ್ಟುವುದಕ್ಕಿಲ್ಲದ ನಡಿಗೆ ಅದು. ರಸ್ತೆಯಲ್ಲಿ ತಮಾಷೆ ಮಾಡುವವರೂ ಕಡಿಮೆಯಾದರು.

ಅಂಗಳದ ಮೂಲೆಯಲ್ಲಿ, ಮಾವ ಹತ್ತಲು ಅನುಕೂಲವಾಗಲಿ ಎಂದು ಊರಿದ ಒಂದು ಮುರಕಲ್ಲು ಇತ್ತು. ಬೆಳಿಗ್ಗೆ ಹಟ್ಟಿಯ ಬಾಗಿಲು ತೆಗೆದ ಕೂಡಲೇ ಕುದುರೆ ಕುಂಟುತ್ತಾ ಹೋಗಿ ಆ ಕಲ್ಲಿಗೆ ತನ್ನ ಎಡಮೈ ತಾಗಿಸಿ ಅಲುಗದೆ ನಿಲ್ಲುತ್ತಿತ್ತು. ಅದು ಮೊದಲು ಮಾವ ಸವಾರಿ ಹೊರಡುತ್ತಿದ್ದ ಹೊತ್ತು. ಮಾವ ಚಾವಡಿಯಲ್ಲಿ ಕಾಫಿ ಲೋಟ ಹಿಡಿದು ಕೂತಿರುತ್ತಿದ್ದರು. ಅದು ಕತ್ತು ತಿರುಗಿಸಿ ಅವರ ಕಡೆ ನೋಡುತ್ತಿತ್ತು. ಬಿಸಿಲು ಏರುವವರೆಗೆ ಹಾಗೆಯೇ ನಿಂತು, ಮತ್ತೆ ತಾನಾಗಿಯೇ ಹುಲ್ಲಿನ ಕಡೆ ಹೋಗುತ್ತಿತ್ತು. ಮಾವ ಚಾವಡಿಯಿಂದ ಎದ್ದು ಹಿಂದಿನ ಜಗಲಿಯಲ್ಲಿ ಕೂರತೊಡಗಿದರು. ಅಲ್ಲಿಗೂ ಅದರ ಗೊರಸಿನ ಸದ್ದು ಕೇಳುತ್ತಿತ್ತು. ಎಂಬತ್ತರ ದಶಕ ಶುರುವಾದ ಯಾವುದೋ ಒಂದು ದಿನ ಅವರು ಆಳುಗಳನ್ನು ಕರೆದು ಆ ಕಲ್ಲನ್ನು ಅಗೆಸಿ ತೆಗೆಸಿದರು, ಹೊಂಡಕ್ಕೆ ಮಣ್ಣು ತುಂಬಿಸಿದರು.

ಮರುದಿನ ಬೆಳಿಗ್ಗೆ ಚಾವಡಿಗೆ ಬಂದು ಕೂತರು. ನಾನು ಹಟ್ಟಿಯ ಬಾಗಿಲು ತೆಗೆದೆ. ಕುದುರೆ ನೇರ ಅಲ್ಲಿಗೇ ಹೋಯಿತು. ಹೊಸ ಮಣ್ಣನ್ನು ಮೂಸಿತು. ಮತ್ತೆ ಅದರ ಬದಿಗೆ ಸರಿದು, ಎಡಮೈ ತಿರುಗಿಸಿ, ಅಲುಗದೆ ನಿಂತು ಮಾವನ ಕಡೆ ನೋಡಿತು.

ಮಾವ ಲೋಟ ಕೆಳಗಿಟ್ಟರು. ನನ್ನ ಕಡೆ ನೋಡದೆಯೇ ಹೇಳಿದರು: “ಅದಕ್ಕೆ ಹೇಳು ಮಗಾ, ನಾನು ಇನ್ನು ಬರ್ಲಿಕ್ಕಿಲ್ಲ ಅಂತ. ನಿನ್ನ ಮಾತು ಕೇಳ್ತದೆ ಅದು.”

ನಾನು ಹೋಗಿ ಅದರ ಕತ್ತು ಹಿಡಿದುಕೊಂಡು ನಿಂತೆ. ಹೇಳಲು ನನಗೂ ಆಗಲಿಲ್ಲ.