ನಲವತ್ತು ಬಾಸಿಲಿಯಾ

ಹಿಲಾರಿಯೋನ್ ಚುಕಿಮಿಯಾ ಎಲ್ ಆಲ್ತೋ ನಗರದ ನಮ್ಮ ಭೂದಾಖಲೆ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ. ಹನ್ನೊಂದು ವರ್ಷದಿಂದಲೂ ಗುತ್ತಿಗೆಯ ಮೇಲೆ. ಅವನ ಹೆಂಡತಿ ಬಾಸಿಲಿಯಾ ಅವನು ಬರುವ ಮೊದಲಿನಿಂದಲೂ ಅದೇ ಕಚೇರಿಯ ಗೇಟಿನ ಹೊರಗೆ ನೇರಳೆ ಮೆಕ್ಕೆಜೋಳದ ಬಿಸಿ ಆಪಿ ಮಾರುತ್ತಿದ್ದಳು. ನಾವೆಲ್ಲ ಅವಳ ಆಪಿ ಕುಡಿದೇ ಮೆಟ್ಟಿಲು ಹತ್ತುವವರು. ಅವಳನ್ನು ಮಾತ್ರ ಕಾವಲುಗಾರ ಒಂದು ದಿನವೂ ಒಳಗೆ ಬಿಟ್ಟವನಲ್ಲ. ಬುಟ್ಟಿಯವರಿಗೆ ಪ್ರವೇಶವಿಲ್ಲವಂತೆ! ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಆ ವರ್ಷ ನಲವತ್ತು ಹೊಸ ಕಂಪ್ಯೂಟರ್ ಬಂದವು. ಸೋಮವಾರದಿಂದ ಎಲ್ಲವೂ ನಡೆದರೆ ಹಿಲಾರಿಯೋನ್‌ನ ಕೆಲಸ ಕಾಯಂ ಎಂದು ಮುಖ್ಯಸ್ಥೆ ವಿರೇರಾ ಮೇಡಂ ಮಾತು ಕೊಟ್ಟಿದ್ದರು. ಅವನ ಪದ್ಧತಿ ಸರಳ. ಒಂದು ಯಂತ್ರವನ್ನು ತಾಯಿಯಾಗಿ ಇಟ್ಟುಕೊಂಡು, ಬೇಕಾದ್ದನ್ನೆಲ್ಲ ಅದಕ್ಕೆ ತುಂಬಿ, ಅದರ ಪಡಿಯಚ್ಚನ್ನು ಉಳಿದವಕ್ಕೆ ಇಳಿಸುವುದು. ಇಳಿಸುವ ಮೊದಲು ತಾಯಿಯ ಹೆಸರನ್ನು ಅಳಿಸಬೇಕು, ಇಲ್ಲದಿದ್ದರೆ ಮಕ್ಕಳೆಲ್ಲ ಅದೇ ಹೆಸರು ಹೊತ್ತು ಹುಟ್ಟುತ್ತವೆ.

ಶುಕ್ರವಾರ ಸಂಜೆ ತಾಯಿಯಂತ್ರಕ್ಕೆ ಚಲ್ಯಾ ಪೂಜೆ ಮಾಡಿದೆವು. ಹೂವಿನ ಎಸಳು, ಬಣ್ಣದ ಕಾಗದ, ಭೂತಾಯಿಗೆ ನಾಲ್ಕು ಹನಿ ಮದ್ಯ. "ಯಾರ ಹೆಸ್ರು ಇಡ್ತೀಯೋ?" ಎಂದು ನಾನು ಛೇಡಿಸಿದೆ. ಅವನು ನಾಚಿಕೊಂಡು ಹೆಂಡತಿಯ ಹೆಸರನ್ನೇ ಇಟ್ಟ. ಚಲ್ಯಾ ಆದ ದಿನ ನಮ್ಮಲ್ಲಿ ಯಾರೂ ಕಸ ಗುಡಿಸುವುದಿಲ್ಲ, ಏನನ್ನೂ ಒರೆಸುವುದಿಲ್ಲ, ಒರೆಸಿದರೆ ಅದೃಷ್ಟ ಹೊರಟುಹೋಗುತ್ತದೆ. ಅವನೂ ಹೆಸರು ಅಳಿಸಲಿಲ್ಲ. ಯಂತ್ರಗಳು ತಾವೇ ಇಳಿಸಿಕೊಳ್ಳಲಿ ಎಂದು ಬಿಟ್ಟು ಮನೆಗೆ ಹೋದ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಕಿಟಕಿಯಾಚೆ ಇಲ್ಯಿಮಾನಿ ಪರ್ವತದ ಹಿಮ ಬೆಳಗುತ್ತಿತ್ತು. ನಲವತ್ತು ಪರದೆಗಳು ಒಂದೊಂದಾಗಿ ಕಣ್ಣು ಬಿಟ್ಟವು. ಎಲ್ಲದರ ಮೇಲೂ ಸ್ವಾಗತದ ಒಂದೇ ಮಾತು: ಬಾ, ಬಾಸಿಲಿಯಾ. ಗೋಡೆ, ಚಾವಣಿ, ನಮ್ಮ ಮುಖಗಳೆಲ್ಲ ನೀಲಿಯಾದವು. ನಾನಿನ್ನೂ ನಿದ್ದೆಯಲ್ಲಿದ್ದೇನೆ ಎನಿಸಿತು, ಎಚ್ಚರವಾಗುವುದೇ ಬೇಡವೆನಿಸಿತು.

"ಯಾರ್ರೀ ಇದು ಬಾಸಿಲಿಯಾ?" ಎಂದರು ವಿರೇರಾ ಮೇಡಂ.

"ನನ್ ಹೆಂಡ್ತಿ, ಮೇಡಂ."

"ಒಂದನ್ನ ಕರೆದ್ರೆ ನಲವತ್ತೂ ಓ ಅಂತಾವೆ. ಕೆಲ್ಸ ಹೆಂಗ್ರೀ ನಡೆಯುತ್ತೆ? ಹನ್ನೆರಡಕ್ಕೆ ಎಲ್ಲಾ ಸರಿಯಾಗಿರ್ಬೇಕು. ಇಲ್ಲಾಂದ್ರೆ ಕಾಯಂ ಮಾತು ಮರೆತುಬಿಡಿ."

ಒಂದೊಂದನ್ನೂ ಕೈಯಾರೆ ಬದಲಿಸಬೇಕು. ಹನ್ನೆರಡರವರೆಗೆ ಒಂದು ನಿಮಿಷವೂ ಮಿಗುವಂತಿರಲಿಲ್ಲ. ಅವನು ಕುರ್ಚಿ ಎಳೆದ, ಕೂರಲಿಲ್ಲ. ಕೆಳಗಿಳಿದು ಹೋಗಿ, ಕಾವಲುಗಾರನ ಕಣ್ಣೆದುರೇ ಹೆಂಡತಿಯ ಕೈ ಹಿಡಿದು ಮೇಲೆ ಕರೆತಂದ.

"ಬಿಡಯ್ಯಾ, ಆಪಿ ತಳ ಹತ್ತುತ್ತೆ!" ಎಂದು ಬೈಯುತ್ತಲೇ ಬಂದ ಬಾಸಿಲಿಯಾ ಬಾಗಿಲಲ್ಲೇ ನಿಂತಳು. ಅವಳಿಗೆ ಓದು ಬಾರದು. "ಏನಂತ ಬರ್ದಿದೆ?"

"ನಿನ್ ಹೆಸ್ರು."

"ಎಲ್ಲದ್ರಲ್ಲೂ?"

"ಎಲ್ಲದ್ರಲ್ಲೂ. ಬಾ ಅಂತ ಕರೀತಿವೆ."

ಅವಳು ಟೋಪಿ ತೆಗೆದು ಎದೆಗೊತ್ತಿಕೊಂಡಳು. ಅಗಲವಾದ ಲಂಗ ಮೇಜುಗಳಿಗೆ ತಾಗುತ್ತಿರಲು, ಸಾಲುಗಳ ನಡುವೆ ನೀರಿನೊಳಗೆ ನಡೆಯುವವಳಂತೆ ನಡೆದಳು. ಒಂದೊಂದು ಪರದೆಯ ಮುಂದೂ ನಿಂತಳು. ಗಡಿಯಾರ ಓಡುತ್ತಿತ್ತು. ಹಿಲಾರಿಯೋನ್ ಮಾತ್ರ ಅವಸರಪಡಿಸಲಿಲ್ಲ.

ಕೊನೆಗೆ ಒಂದು ಕುರ್ಚಿಯಲ್ಲಿ ಕೂತು, ಕಾಲಿಂದ ನೆಲವನ್ನು ಮೆಲ್ಲಗೆ ತಳ್ಳಿದಳು.

"ಇಪ್ಪತ್ತು ವರ್ಷ ಗೇಟಲ್ಲೇ ಇದ್ದೀನಿ, ಈ ಕುರ್ಚಿಗಳು ಸುತ್ತುತ್ವೆ ಅಂತ ಗೊತ್ತೇ ಇರ್ಲಿಲ್ಲ ನೋಡು!" ಎಂದು ನಕ್ಕಳು. ಕಣ್ಣೊರೆಸಿಕೊಂಡು ಎದ್ದಳು. "ಸಾಕು, ಅಳಿಸಯ್ಯಾ. ಬಾಯಿ ಬಿಟ್ಕೊಂಡ್ ನಿಂತ್ರೆ ಕೆಲ್ಸ ಆಗುತ್ತಾ?"

ಹನ್ನೆರಡು ಹೊಡೆದಾಗ ಇನ್ನೂ ಆರು ಉಳಿದಿದ್ದವು. ವಿರೇರಾ ಮೇಡಂ ಆಡಿದ ಮಾತಿಗೆ ತಪ್ಪುವವರಲ್ಲ. ಗುತ್ತಿಗೆಗೆ ಇನ್ನೊಂದು ವರ್ಷ ಸೇರಿತು, ಅಷ್ಟೇ.

ನನಗೆ ಸಿಟ್ಟು ತಡೆಯಲಾಗಲಿಲ್ಲ. "ಆ ಅರ್ಧ ಗಂಟೆ ಉಳಿಸಿದ್ರೆ ಇವತ್ತು ಕಾಯಂ ಆಗ್ತಿದ್ದೆಯಲ್ಲೋ ಮಾರಾಯಾ!" ಎಂದೆ.

"ಆಗ್ತಿದ್ದೆ," ಎಂದ ಹಿಲಾರಿಯೋನ್. "ನಾನೊಬ್ನೇ ಒಳಗಿರ್ತಿದ್ದೆ."