ಕಂಪ್ಲೇಂಟ್ ಅಲ್ಲ, ಕಂಪ್ಲಯಂಟ್

ಮೊನ್ನೆ ಶಿರಾ ಗೇಟ್ ಹತ್ತಿರದ ಹಿಟ್ಟಿನ ಮಿಲ್ಲಿಗೆ ಸಾರಿನ ಪುಡಿ ಮಾಡಿಸಲು ಹೋಗಿದ್ದೆ. ನನ್ನ ಮುಂದಿನವರು ತಂದಿದ್ದ ಕೊತ್ತಂಬರಿ ಬೀಜ ಹುರಿಯುವಾಗಲೇ ಸೀದುಹೋಗಿತ್ತು. ಮಿಶಿನ್ನಿಗೆ ಸುರಿದ ಕೂಡಲೇ ಆ ವಾಸನೆ ಮೂಗಿಗೆ ಹೊಡೆಯಿತು. ಅದು ಟ್ಯೂಷನ್ ಮಿಸ್ಸಿನ ಮನೆಯ ವಾಸನೆ...

ಆಗ ಮಿಸ್ಸೂ ನಾನೂ ಒಂದೇ ವಠಾರದಲ್ಲಿದ್ದೆವು. ನಾನು ನರ್ಸಿಂಗ್ ಹೋಮಿನಲ್ಲಿ ಆಯಾ. ಅವಳು ಪಕ್ಕದ ಮನೆಯ ಸೊಸೆ, ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವಳು. ಸಂಜೆ ಒಲೆಯ ಮೇಲೆ ಬಾಣಲೆ ಇಟ್ಟು, ಅಡುಗೆಮನೆ ಬಾಗಿಲಲ್ಲಿ ನಿಂತು, ನಡುಮನೆಯಲ್ಲಿ ಕೂತ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಹಾಗೆ ಹುರಿದರೆ ಸೀಯದೆ ಇನ್ನೇನು.

ನನಗೆ ಬರುವುದು ಕನ್ನಡ ಕೂಡಿಸಿ ಓದುವಷ್ಟೇ. ಆದರೆ ಗೋಡೆ ತೆಳ್ಳಗಿತ್ತು. ಒಬೀಡಿಯಂಟ್ ಅಂದರೆ ಹೇಳಿದ ಮಾತು ಕೇಳುವವರು. ಡಾಸೈಲ್ ಅಂದರೆ ಸಾಧು, ಹಸುವಿಗೂ ಹೇಳಬಹುದು. ಸಬ್ಮಿಸಿವ್ ಅಂದರೆ ಹೇಳುವುದಕ್ಕೆ ಮುಂಚೆಯೇ ತಲೆ ಬಗ್ಗಿಸುವವರು. ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು.

"ಎಲ್ಲಾ ಒಂದೇ ಅಲ್ವಾ ಮಿಸ್?" ಅಂತ ಒಬ್ಬಳು ಹುಡುಗಿ ಕೇಳಿದಳು.

"ಅಲ್ಲ ಕಣೇ. ಒಬೀಡಿಯಂಟ್ ಅಂದ್ರೆ ಖುಷಿ ಪಡಬಹುದು. ಸಬ್ಮಿಸಿವ್ ಅಂದ್ರೆ ಸ್ವಲ್ಪ ಯೋಚನೆ ಮಾಡ್ಬೇಕು."

ಆ ವರ್ಷ ಅವಳಿಗೆ ಕುಣಿಗಲ್ಲಿನ ಶಾಲೆಯೊಂದರಲ್ಲಿ ಟೀಚರ್ ಕೆಲಸ ಸಿಕ್ಕಿತು. ಸೋಮವಾರ ಹೋಗಿ ಸೇರಬೇಕು. ಗಂಡ "ಅಮ್ಮನ್ನ ಕೇಳು" ಅಂದ. ಅತ್ತೆ "ನೋಡಾನ" ಅಂದಳು. ಕೇಳಿದಾಗಲೆಲ್ಲ ಅದೇ ನೋಡಾನ.

"ಬೇಡ ಅಂದಿದ್ರೆ ಜಗಳನಾದ್ರೂ ಆಡ್ತಿದ್ದೆ ಅಕ್ಕಾ. ಬೇಡಾನೂ ಅನ್ನಲ್ವಲ್ಲ ಇವರು," ಅಂತ ನಲ್ಲಿ ಹತ್ತಿರ ನನ್ನ ಕೈಲಿ ಹೇಳಿದಳು.

"ಕೇಳದ್ಯಾಕೆ? ಬ್ಯಾಗ್ ತಗಂಡು ಬಸ್ ಹತ್ತು," ಅಂದೆ.

"ನಿಮಗೆ ಸುಲಭ," ಅಂದಳು. ಹೌದು, ನನಗೆ ಅತ್ತೆ ಇರಲಿಲ್ಲ.

ಭಾನುವಾರ ಅತ್ತೆಯ ತಮ್ಮ ಗುಬ್ಬಿಯಿಂದ ಊಟಕ್ಕೆ ಬಂದ. ರಿಟೈರಾದ ಆಫೀಸರು, ಒಂದು ಇಂಗ್ಲಿಷ್ ಮಾತಾಡದೆ ಮುದ್ದೆಯನ್ನೂ ನುಂಗದವನು. ನನ್ನನ್ನೂ ಕರೆದಿದ್ದರು. ಮಿಸ್ಸು ಬಾಯಿಬಿಡದೆ ಓಡಾಡಿಕೊಂಡು ಬಡಿಸುವುದನ್ನು ನೋಡಿ ಅವನು, "ಅಕ್ಕಾ, ನಿನ್ನ ಸೊಸೆ ವೆರಿ ಕಂಪ್ಲಯಂಟ್ ಕಣೇ," ಅಂದ.

ಅತ್ತೆಯ ಕೈಯಲ್ಲಿದ್ದ ತುತ್ತು ಎಲೆಗೆ ಬಿತ್ತು. "ಏನ್ಲಾ ಹಂಗಂದ್ರೆ? ಯಾರ್ ಮ್ಯಾಲೆ ಕಂಪ್ಲೇಂಟ್ ಕೊಟ್ಟವ್ಳೆ? ಸ್ಟೇಷನ್ಗೆ ಹೋಗಿದ್ಲಾ?"

"ಕಂಪ್ಲೇಂಟ್ ಅಲ್ಲ ಕಣೇ, ಕಂಪ್ಲಯಂಟ್."

"ಅದನ್ನೇ ಅಲ್ವೇನ್ಲಾ ನಾನೂ ಅಂದದ್ದು. ನಂಗೇ ಟೋಪಿ ಹಾಕ್ತೀಯಾ?"

ಮಿಸ್ಸು ನಕ್ಕಳು. ಸಾರಿನ ಸೌಟು ಹಿಡಿದುಕೊಂಡೇ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಆ ಮನೆಯಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ನಗು ನಿಂತ ಮೇಲೆ ಮಕ್ಕಳಿಗೆ ಹೇಳುವ ದನಿಯಲ್ಲೇ ಬಿಡಿಸಿ ಹೇಳಿದಳು: "ಕಂಪ್ಲೇಂಟ್ ಅಂದ್ರೆ ದೂರು, ಅತ್ತೆ. ಕಂಪ್ಲಯಂಟ್ ಅಂದ್ರೆ ಹೇಳಿದ್ದಕ್ಕೆ ಒಪ್ಕೊಂಡು ನಡೆಯೋರು. ಅವರು ನನ್ನ ಹೊಗಳಿದ್ದು."

ಅತ್ತೆ ಬಿದ್ದ ತುತ್ತನ್ನು ಮತ್ತೆ ಸಾರಿಗೆ ಅದ್ದಿದಳು. "ಹೇಳಿದ್ದಕ್ಕೆ ಒಪ್ಕೊಳೋಳು. ಹಂಗಾದ್ರೆ ಸರಿ ಬುಡು. ಕುಣಿಗಲ್ ಕೆಲಸ ಬ್ಯಾಡ ಕಣಮ್ಮ. ಇವನಿಗೆ ಇನ್ನಷ್ಟು ಅನ್ನ ಹಾಕು."

ಗಂಡ ಎಲೆಯಿಂದ ತಲೆ ಎತ್ತಲಿಲ್ಲ. ಗುಬ್ಬಿಯವನು "ಗುಡ್, ಗುಡ್" ಅಂದ. ನನಗೆ ತಡೆಯಲಾಗಲಿಲ್ಲ. "ಮತ್ತೆ ಆ ಹುಡುಗಿ ಅಷ್ಟು ಓದಿದ್ಯಾಕೆ?" ಅಂದೆ. "ನೀನು ಉಣ್ಣವ್ವ," ಅಂದಳು ಅತ್ತೆ.

ಮಿಸ್ಸು ಏನಾದರೂ ಹೇಳುತ್ತಾಳೆ ಅಂತ ಕಾದೆ. ಅರ್ಥ ಹೇಳಿದವಳು ಅವಳೇ. ಈಗ ಒಲ್ಲೆ ಅಂದರೆ ಅಷ್ಟು ಜನರ ಮುಂದೆ ತನ್ನ ಪಾಠವನ್ನು ತಾನೇ ಸುಳ್ಳು ಮಾಡಬೇಕಿತ್ತು. ಅನ್ನದ ಪಾತ್ರೆ ತಂದು ಬಡಿಸಿದಳು...

ಸೋಮವಾರ ಸಂಜೆ ಕೊತ್ತಂಬರಿ ಸೀದ ವಾಸನೆ ಬಂತು. ಆಮೇಲೆ ವರ್ಷಗಟ್ಟಲೆ ಬಂತು. ಆ ಮನೆಯ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು. ಅವಳು ನಲ್ಲಿಯವರೆಗೆ ಬಂದು ವಾಪಸ್ ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಗಂಡ ಅವಳನ್ನು ಆಟೋದಲ್ಲಿ ನಮ್ಮ ನರ್ಸಿಂಗ್ ಹೋಮಿಗೆ ಕರೆತಂದ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಬಿ.ಪಿ. ನೋಡುವ ಸಿಸ್ಟರು "ಏನಮ್ಮಾ ಕಂಪ್ಲೇಂಟು?" ಅಂದಳು. ಬಂದವರನ್ನೆಲ್ಲ ಕೇಳುವ ಮಾತು ಅದು. ಮಿಸ್ಸು ನನ್ನ ಕಡೆ ನೋಡಿದಳು. ತುಟಿ ಒಂದಿಷ್ಟು ಅಲುಗಿತು. ನಗುವೋ ನೋವೋ, ಗೊತ್ತಾಗಲಿಲ್ಲ.

"ಏನಿಲ್ಲ ಸಿಸ್ಟರ್. ಸ್ವಲ್ಪ ಹೊಟ್ಟೆನೋವು."

ಹೊಟ್ಟೆಯೊಳಗೆ ಗೆಡ್ಡೆ ಬೆಳೆದು ಎಷ್ಟೋ ಕಾಲವಾಗಿತ್ತು. ಇಷ್ಟು ದಿನ ಯಾಕೆ ಸುಮ್ಮನಿದ್ದೆ ಅಂತ ಡಾಕ್ಟರು ಬೈದರು. ಬೆಂಗಳೂರಿಗೆ ಕಳಿಸಿದರು. ಅಲ್ಲಿಂದ ಅವಳು ಜೀವಂತ ಬರಲಿಲ್ಲ. ಗುಬ್ಬಿಯವನು ಮಣ್ಣಿಗೂ ಬಂದಿದ್ದ. ಒಳ್ಳೆ ಹುಡುಗಿ, ಒಳ್ಳೆ ಹುಡುಗಿ ಅಂದ. ಆವತ್ತು ಇಂಗ್ಲಿಷ್ ಬರಲಿಲ್ಲ ಅವನಿಗೆ.

ಮಿಲ್ಲಿನವನು ನನ್ನ ಡಬ್ಬ ಮುಂದಕ್ಕೆ ತಳ್ಳಿದ. "ಒಂಚೂರು ತರಿ ಆಗಿದೆ ಅಜ್ಜಿ. ಅಡ್ಜಸ್ಟ್ ಮಾಡ್ಕಳಿ."

"ಮಾಡ್ಕಳಲ್ಲ. ಇನ್ನೊಂದ್ಸಲ ಹಾಕು."

ಹಿಂದೆ ನಿಂತವರು ಗೊಣಗಿದರು. ಅವನೂ ಗೊಣಗಿಕೊಂಡೇ ಹಾಕಿದ. ಪುಡಿ ನುಣ್ಣಗೆ ಬರುವವರೆಗೆ ಅಲ್ಲೇ ನಿಂತಿದ್ದೆ. ಅವಳಾಗಿದ್ದರೆ ತರಿಯನ್ನೇ ಮನೆಗೆ ಒಯ್ದಿರುತ್ತಿದ್ದಳು...